ಕುಡಿತ ಕೈ ಮೀರುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕುಡಿಯುವವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಕೆಲವೊಮ್ಮೆ ಕುಡಿಯುವವರೇ ಬರುತ್ತಾರೆ, ‘ನನ್ನ ಫ್ರೆಂಡ್ ಒಬ್ಬನಿದ್ದಾನೆ’ ಅಂತ ಮಾತು ಶುರು ಮಾಡುತ್ತಾರೆ. ಬಾಯಿ ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ನಾನು ಡಾಕ್ಟರಲ್ಲ. ಔಷಧಿಯ ವಿಷಯ ಬಂದ ಕಡೆಯೆಲ್ಲ ಡಾಕ್ಟರ ಹತ್ತಿರ ಹೋಗಿ ಅಂತಲೇ ಹೇಳುತ್ತೇನೆ.

## ಮೊದಲು ಬರುವ ಪ್ರಶ್ನೆಗಳು

ಚಟ ಅಂತಾರೆ, ವ್ಯಸನ ಅಂತಾರೆ, ಕಾಯಿಲೆ ಅಂತಾರೆ. ನಿಜವಾಗಿ ಇದು ಏನು?

ಡಾಕ್ಟರುಗಳು ಈಗ ಬಳಸುವ ಹೆಸರು ಆಲ್ಕೊಹಾಲ್ ಯೂಸ್ ಡಿಸಾರ್ಡರ್. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5 2013ರಲ್ಲಿ ಬಂತು. ಅದುವರೆಗೆ ‘ದುರ್ಬಳಕೆ’ ಬೇರೆ, ‘ಅವಲಂಬನೆ’ ಬೇರೆ ಅಂತಿತ್ತು. ಎರಡನ್ನೂ ಸೇರಿಸಿ ಒಂದೇ ಸಾಲಿಗೆ ತಂದರು.

ಆ ಸಾಲಿನಲ್ಲಿ 11 ಗುರುತುಗಳಿವೆ. ಅಂದುಕೊಂಡಿದ್ದಕ್ಕಿಂತ ಜಾಸ್ತಿ ಕುಡಿಯುವುದು. ಕಡಿಮೆ ಮಾಡಲು ಹೋಗಿ ಸೋಲುವುದು. ಕುಡಿಯುವುದಕ್ಕೂ ಅದರಿಂದ ಏಳುವುದಕ್ಕೂ ತುಂಬಾ ಹೊತ್ತು ಹೋಗುವುದು. ತಡೆಯಲಾಗದ ಆಸೆ. ಮನೆ, ಕೆಲಸ, ಓದಿನ ಹೊಣೆ ತಪ್ಪುವುದು. ಸಂಬಂಧ ಕೆಟ್ಟರೂ ಬಿಡದಿರುವುದು. ಇಷ್ಟದ ಬೇರೆ ಕೆಲಸಗಳು ಕೈಬಿಟ್ಟು ಹೋಗುವುದು. ಗಾಡಿ ಓಡಿಸುವಂಥ ಅಪಾಯದ ಹೊತ್ತಲ್ಲೂ ಕುಡಿಯುವುದು. ಮೈಗೆ, ಮನಸ್ಸಿಗೆ ಪೆಟ್ಟು ಬೀಳುತ್ತಿದೆ ಅಂತ ಗೊತ್ತಿದ್ದೂ ಕುಡಿಯುವುದು. ಮೊದಲಿನಷ್ಟು ಸಾಲದೇ ಹೋಗುವುದು. ಬಿಟ್ಟರೆ ನಡುಕ, ಬೆವರು. ಒಂದು ವರ್ಷದೊಳಗೆ ಇದರಲ್ಲಿ ಎರಡು ಮೂರು ಕಂಡರೆ ಸೌಮ್ಯ, ನಾಲ್ಕೈದು ಕಂಡರೆ ಮಧ್ಯಮ, ಆರು ಅಥವಾ ಜಾಸ್ತಿ ಕಂಡರೆ ತೀವ್ರ.

‘ಅವನು ಕುಡುಕ ಹೌದೋ ಅಲ್ವೋ’ ಅನ್ನುವ ಜಗಳಕ್ಕೆ ಇಲ್ಲಿ ಜಾಗವಿಲ್ಲ. ಇದೊಂದು ಮೆಟ್ಟಿಲ ಸಾಲು. ಎಷ್ಟನೇ ಮೆಟ್ಟಿಲು ಅಂತ ಡಾಕ್ಟರು ಹೇಳಲಿ. ಹೋದ ವರ್ಷ ಎಲ್ಲಿದ್ದರು, ಈಗ ಎಲ್ಲಿದ್ದಾರೆ ಅನ್ನುವುದನ್ನು ಮಾತ್ರ ಮನೆಯವರೇ ಹೇಳಬೇಕು. ನಾನು ಮೊದಲು ಕೇಳುವುದೂ ಅದನ್ನೇ.

ಎಷ್ಟು ಕುಡಿದ್ರೆ ಜಾಸ್ತಿ ಅಂತ ಲೆಕ್ಕ?

ಲೆಕ್ಕವನ್ನು ಗ್ರಾಂನಲ್ಲಿ ಹಾಕಿ. ಮಿಲಿಯನ್ನು ಬಾಟಲಿ ಮೇಲಿನ ಶೇಕಡದಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿ. ಶೇಕಡ 5ರ 330 ಮಿಲಿ ಬಿಯರ್ ಅಂದರೆ 13 ಗ್ರಾಂ ಆಲ್ಕೊಹಾಲ್. ಶೇಕಡ 40ರ ವಿಸ್ಕಿ 60 ಮಿಲಿ ಅಂದರೆ 19. ಶೇಕಡ 8ರ ಸ್ಟ್ರಾಂಗ್ ಬಿಯರ್ 500 ಮಿಲಿ ಅಂದರೆ ಸುಮಾರು 32. ‘ನಾನು ಹಾಟ್ ಮುಟ್ಟಲ್ಲ, ಬರೀ ಬಿಯರು’ ಅನ್ನುವವರು ಈ ಲೆಕ್ಕ ನೋಡಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಒಂದೇ ಕೂತಲ್ಲಿ 60 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ, ತಿಂಗಳಲ್ಲಿ ಒಂದು ಸಲವಾದರೂ ಆದರೆ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಿಪರೀತ ಕುಡಿತ ಅನ್ನುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಏನೂ ಆಗಲ್ಲ ಅಂತ ಅರ್ಥವಲ್ಲ. ಆರೋಗ್ಯಕ್ಕೆ ಪೂರ್ತಿ ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ ಅಂತ ಅದೇ ಸಂಸ್ಥೆ 2023ರಲ್ಲಿ ಹೇಳಿದೆ.

ಇನ್ನೊಂದು ಮಾತು. ಮನೆಯಲ್ಲಿ ಕಣ್ಣಳತೆಯಲ್ಲಿ ಸುರಿದ ಪೆಗ್ 60 ಮಿಲಿ ಇರುವುದು ಅಪರೂಪ. ಒಂದು ಸಲ ಅಳೆದು ನೋಡಿ.

ಅವನು ಎಷ್ಟು ಕುಡಿದ್ರೂ ತೂರಾಡಲ್ಲ. ಹಾಗಿದ್ರೆ ಪರವಾಗಿಲ್ಲ ಅಲ್ವಾ?

ನನ್ನನ್ನು ಜಾಸ್ತಿ ಹೆದರಿಸುವ ಮಾತೇ ಇದು. ‘ಸ್ಟೆಡಿಯಾಗಿರ್ತಾನೆ’ ಅಂತ ಹೆಮ್ಮೆಯಿಂದ ಹೇಳುತ್ತಾರೆ.

ಮೆದುಳಿಗೆ ಬ್ರೇಕ್ ಹಾಕುವ ರಾಸಾಯನಿಕದ ಕೆಲಸವನ್ನು ಆಲ್ಕೊಹಾಲ್ ಜಾಸ್ತಿ ಮಾಡುತ್ತದೆ. ದಿನಾ ಹೀಗಾದರೆ ಮೆದುಳು ತಾನೇ ಬ್ರೇಕ್ ಸಡಿಲಿಸಿ ಆಕ್ಸಿಲರೇಟರ್ ಒತ್ತಿ ಹಿಡಿಯುತ್ತದೆ. ಆಗ ಮೊದಲಿನಷ್ಟು ಕುಡಿದರೆ ಏನೂ ಅನ್ನಿಸುವುದಿಲ್ಲ. ಇದಕ್ಕೆ ಟಾಲರೆನ್ಸ್ ಅಂತಾರೆ. ಅವನು ತೂರಾಡುತ್ತಿಲ್ಲ, ನಿಜ. ಆದರೆ ಲಿವರಿಗೆ ಈ ರಿಯಾಯಿತಿ ಇಲ್ಲ.

ಕೆಲವರಿಗೆ ಇದು ಹುಟ್ಟಿನಿಂದಲೇ ಇರುತ್ತದೆ. ಮೊದಮೊದಲ ಸಲವೇ ನಾಲ್ಕು ಪೆಗ್ ಹಾಕಿ ನೆಟ್ಟಗೆ ನಡೆಯುತ್ತಾರೆ. ಅಮೆರಿಕದ ಮನೋವೈದ್ಯ ಮಾರ್ಕ್ ಶುಕಿಟ್ ಇಂಥ ಯುವಕರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಶುರುವಿನಲ್ಲಿ ಅಮಲು ಕಡಿಮೆ ಏರುತ್ತಿದ್ದವರಲ್ಲೇ ಮುಂದೆ ವ್ಯಸನ ಜಾಸ್ತಿ ಕಂಡಿತು. ಸಾಕು ಅಂತ ಹೇಳುವ ಗಂಟೆ ಅವರೊಳಗೆ ತಡವಾಗಿ ಬಾರಿಸುತ್ತದೆ.

ಕೆಲಸಕ್ಕೆ ಒಂದು ದಿನಾನೂ ತಪ್ಪಿಸಲ್ಲ. ಆದ್ರೂ ಸಮಸ್ಯೆ ಅಂತೀರಾ?

ಕೆಲಸ ಹೋಗುವುದು ತುಂಬಾ ಜನರಲ್ಲಿ ಕಡೆಗೆ. ಅದಕ್ಕೆ ಮುಂಚೆ ಬೇರೆ ಏನೇನೋ ಹೋಗಿರುತ್ತದೆ. ಸಂಬಳ ಬರುತ್ತಿದೆ ಅನ್ನುವುದನ್ನು ಸರ್ಟಿಫಿಕೇಟ್ ಮಾಡಿಕೊಳ್ಳಬೇಡಿ.

## ಯಾರಿಗೆ ಅಪಾಯ ಜಾಸ್ತಿ

ನಮ್ಮಪ್ಪನಿಗೆ ಇತ್ತು. ನನಗೂ ಬಂದೇ ಬರುತ್ತಾ?

ಬಂದೇ ಬರುತ್ತೆ ಅಂತಿಲ್ಲ. ಅವಳಿ ಮಕ್ಕಳು, ದತ್ತು ಮಕ್ಕಳ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದರೆ ಈ ಅಪಾಯದಲ್ಲಿ ಹೆಚ್ಚುಕಮ್ಮಿ ಅರ್ಧ ಪಾಲು ವಂಶದ್ದು. ಉಳಿದರ್ಧ ಬೆಳೆದ ರೀತಿ, ಸಹವಾಸ, ಕೈಗೆ ಎಷ್ಟು ಸುಲಭವಾಗಿ ಸಿಗುತ್ತದೆ ಅನ್ನುವುದು. ‘ಕುಡುಕ ಜೀನ್’ ಅಂತ ಒಂದೇ ಒಂದು ಇಲ್ಲ. ಚಿಕ್ಕ ಚಿಕ್ಕವು ತುಂಬಾ ಸೇರಿ ಕೆಲಸ ಮಾಡುತ್ತವೆ.

ಕಾಪಾಡುವ ಜೀನ್‌ಗಳೂ ಇವೆ. ಪೂರ್ವ ಏಷ್ಯಾದ ತುಂಬಾ ಜನರಿಗೆ ಎರಡು ಗುಟುಕಿಗೇ ಮುಖ ಕೆಂಪಾಗಿ ಹೊಟ್ಟೆ ತೊಳಸುತ್ತದೆ. ಆಲ್ಕೊಹಾಲ್ ಒಡೆದಾಗ ಬರುವ ಅಸಿಟಾಲ್ಡಿಹೈಡನ್ನು ತೆಗೆಯುವ ಕಿಣ್ವ ಅವರಲ್ಲಿ ದುರ್ಬಲ. ಅಂಥವರಲ್ಲಿ ವ್ಯಸನ ಕಡಿಮೆ. ಆದರೆ ಹಟ ಹಿಡಿದು ಕುಡಿದರೆ ಅನ್ನನಾಳದ ಕ್ಯಾನ್ಸರ್ ಅಪಾಯ ಜಾಸ್ತಿ.

ಅಪ್ಪನಿಗೋ ಅಮ್ಮನಿಗೋ ಇದ್ದರೆ ನೀವು ಬೇರೆಯವರಿಗಿಂತ ಬೇಗ ಎಚ್ಚರವಾಗಿ. ಅಷ್ಟೇ.

ಮಗನಿಗೆ ಹದಿನಾಲ್ಕು. ಒಂದ್ಸಲ ಕುಡಿದು ಸಿಕ್ಕಿಬಿದ್ದ. ವಯಸ್ಸಿನ ಹುಡುಗಾಟ ಅಂತ ಬಿಡಲಾ?

ಹುಡುಗಾಟವೇ ಇರಬಹುದು. ಆದರೂ ಬಿಡಬೇಡಿ. ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಲೆಕ್ಕ 1997ರಲ್ಲಿ ಪ್ರಕಟವಾಯಿತು. 15 ತುಂಬುವ ಮುಂಚೆ ಕುಡಿಯಲು ಶುರು ಮಾಡಿದವರಲ್ಲಿ ಸುಮಾರು ಶೇಕಡ 40 ಮಂದಿ ಮುಂದೆ ಒಂದಲ್ಲ ಒಂದು ಹೊತ್ತಿನಲ್ಲಿ ಕುಡಿತಕ್ಕೆ ಅಂಟಿಕೊಂಡಿದ್ದರು. 20 ದಾಟಿ ಶುರು ಮಾಡಿದವರಲ್ಲಿ ಅದು ಶೇಕಡ 10ರ ಆಸುಪಾಸು. ಬೇಗ ಶುರು ಮಾಡುವವರ ಮನೆ, ಮನಸ್ಸು ಮೊದಲೇ ಬೇರೆ ಥರ ಇರಬಹುದು, ಹಾಗಾಗಿ ಎಲ್ಲ ತಪ್ಪನ್ನೂ ಆ ಮೊದಲ ಗ್ಲಾಸಿನ ಮೇಲೆ ಹಾಕಲಾಗದು. ಆದರೆ ಯೋಜನೆ ಮಾಡುವ, ತಡೆದುಕೊಳ್ಳುವ ಮೆದುಳಿನ ಮುಂಭಾಗ ಬಲಿಯುವುದು ಇಪ್ಪತ್ತರ ನಡುವಿನವರೆಗೂ ನಡೆಯುತ್ತದೆ ಅನ್ನುವುದು ಗೊತ್ತಿರುವ ವಿಷಯ.

ಹೊಡೆಯುವುದು, ಊರಿಗೆಲ್ಲ ಹೇಳುವುದು ಬೇಡ. ಯಾರ ಜೊತೆ ಕುಡಿದ ಅನ್ನುವುದರ ಜೊತೆಗೆ ಯಾಕೆ ಕುಡಿದ ಅಂತಲೂ ಕೇಳಿ.

ಹೆಂಗಸರಿಗೆ ಬೇಗ ಹಿಡಿಯುತ್ತೆ ಅಂತಾರಲ್ಲ, ನಿಜಾನಾ?

ಮೈಗೆ ಪೆಟ್ಟು ಬೇಗ ಬೀಳುವುದು ನಿಜ. ಹೆಂಗಸರ ಮೈಯಲ್ಲಿ ನೀರಿನ ಪಾಲು ಕಡಿಮೆ. ಹಾಗಾಗಿ ಅಷ್ಟೇ ತೂಕದ ಗಂಡಸು ಕುಡಿದಷ್ಟೇ ಕುಡಿದರೂ ರಕ್ತದಲ್ಲಿ ಮಟ್ಟ ಜಾಸ್ತಿ ಏರುತ್ತದೆ. ಲಿವರ್ ಕಾಯಿಲೆಯೂ ಕಡಿಮೆ ವರ್ಷಗಳಲ್ಲಿ ಬರುತ್ತದೆ. ಚಿಕಿತ್ಸೆಗೆ ಬಂದವರನ್ನು ನೋಡಿದ ಹಲವು ಅಧ್ಯಯನಗಳಲ್ಲಿ ಮೊದಲ ಗ್ಲಾಸಿನಿಂದ ವ್ಯಸನದವರೆಗಿನ ದಾರಿಯೂ ಹೆಂಗಸರಲ್ಲಿ ಚಿಕ್ಕದಾಗಿ ಕಂಡಿದೆ.

ಇದಕ್ಕಿಂತ ದೊಡ್ಡ ತೊಂದರೆ ಅಂದರೆ ಮುಚ್ಚಿಡುವುದು. ಗಂಡಸು ಕುಡಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಹೆಂಗಸು ಬಾಗಿಲು ಹಾಕಿಕೊಂಡು ಕುಡಿಯುತ್ತಾಳೆ, ಡಾಕ್ಟರು ಕೇಳುವುದೂ ಇಲ್ಲ. ಗೊತ್ತಾಗುವ ಹೊತ್ತಿಗೆ ಮೆಟ್ಟಿಲು ಮೇಲೆ ಹೋಗಿರುತ್ತದೆ.

ನಿದ್ದೆ ಬರಲ್ಲ ಅಂತ ರಾತ್ರಿ ಒಂದೇ ಒಂದು ಹಾಕ್ತಾರೆ. ಅದೂ ತಪ್ಪಾ?

ತಪ್ಪು ಒಪ್ಪು ನನ್ನ ಖಾತೆಯಲ್ಲ. ಆದರೆ ‘ಯಾಕೆ ಕುಡಿತೀರಿ’ ಅನ್ನುವ ಪ್ರಶ್ನೆಗೆ ಬರುವ ಉತ್ತರ ಬದಲಾದರೆ ಕಿವಿ ನೆಟ್ಟಗಾಗಬೇಕು. ‘ಎಲ್ಲರೂ ಸೇರಿದ್ವಿ, ಖುಷಿಗೆ’ ಅನ್ನುತ್ತಿದ್ದವರು ‘ಟೆನ್ಷನ್ನಿಗೆ’, ‘ನಿದ್ದೆಗೆ’, ‘ನೋವು ಮರೆಯೋಕೆ’ ಅನ್ನಲು ಶುರು ಮಾಡಿದರೆ ಕುಡಿತ ಮನರಂಜನೆ ಹೋಗಿ ಔಷಧಿ ಆಗಿದೆ. ಔಷಧಿಯನ್ನು ದಿನಾ ತೆಗೆದುಕೊಳ್ಳಬೇಕಾಗುತ್ತದೆ ಅಲ್ವಾ?

ಅದರಲ್ಲೂ ಇದು ಕೆಟ್ಟ ಔಷಧಿ. ಆಲ್ಕೊಹಾಲ್ ಬೇಗ ನಿದ್ದೆ ಹತ್ತಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಹಾಳು ಮಾಡುತ್ತದೆ. ಮೂರು ಗಂಟೆಗೆ ಎದೆ ಡವಗುಟ್ಟಿ ಎಚ್ಚರ. ಮರುದಿನ ಸುಸ್ತು, ಸಿಡುಕು. ರಾತ್ರಿ ಮತ್ತೆ ಒಂದು, ಆಮೇಲೆ ಒಂದೂವರೆ. ಖಿನ್ನತೆ, ಆತಂಕ, ಹಳೆಯ ಆಘಾತ, ಗಮನ ನಿಲ್ಲದ ಎಡಿಎಚ್‌ಡಿ, ಮನಸ್ಸು ತೀರಾ ಏರಿಳಿಯುವ ಬೈಪೋಲಾರ್ ಇದ್ದವರಲ್ಲಿ ಈ ಸುತ್ತು ಬೇಗ ಬಿಗಿಯಾಗುತ್ತದೆ. ಅವರಿಗೆ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು. ‘ಮೊದಲು ಕುಡಿತ ಬಿಟ್ಟು ಬಾ, ಆಮೇಲೆ ನೋಡೋಣ’ ಅಂದರೆ ಆ ಮನುಷ್ಯ ತಿರುಗಿ ಬರುವುದಿಲ್ಲ.

ಅರವತ್ತರವರೆಗೂ ಲೆಕ್ಕದಲ್ಲಿದ್ದೋರು ಈಗ ಯಾಕೆ ಹೀಗಾದ್ರು?

ನಿವೃತ್ತಿ, ಸಂಗಾತಿಯ ಸಾವು, ಕೆಲಸ ಹೋಗುವುದು, ಡಿವೋರ್ಸ್. ಬದುಕಿನ ಕಟ್ಟು ಬಿಚ್ಚಿಕೊಳ್ಳುವ ಹೊತ್ತಿನಲ್ಲಿ ಲೆಕ್ಕವೂ ತಪ್ಪುತ್ತದೆ. ಸ್ವೀಡನ್ನಿನಲ್ಲಿ ಲಕ್ಷಾಂತರ ದಂಪತಿಗಳ ದಾಖಲೆ ನೋಡಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಿವೋರ್ಸ್ ಆದ ಮೇಲೆ ಮೊದಲ ಸಲ ಕುಡಿತದ ಸಮಸ್ಯೆಗೆ ಬೀಳುವ ಅಪಾಯ ಹಲವು ಪಟ್ಟು ಏರಿದ್ದು ಕಂಡಿತು. ಸಂಗಾತಿ ತೀರಿಕೊಂಡಾಗಲೂ ಏರಿತ್ತು.

ವಯಸ್ಸಾದ ಮೈಯಲ್ಲಿ ನೀರು ಕಡಿಮೆಯಾಗಿ ಹಳೆಯ ಎರಡು ಪೆಗ್ ಮೂರರ ಕೆಲಸ ಮಾಡುತ್ತದೆ. ಜೊತೆಗೆ ಬಿಪಿ, ಸಕ್ಕರೆ, ನಿದ್ದೆಯ ಮಾತ್ರೆಗಳು. ಬೀಳುವುದು, ಮರೆವು ಎರಡನ್ನೂ ‘ವಯಸ್ಸಾಯ್ತು’ ಅಂತ ಮನೆಯವರು ಒಪ್ಪಿಕೊಂಡುಬಿಡುತ್ತಾರೆ.

ಯಾರೂ ನೆನೆಸದ ಇನ್ನೊಂದು ಗುಂಪಿದೆ. ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಆಪರೇಷನ್ ಮಾಡಿಸಿಕೊಂಡವರು. ಆಲ್ಕೊಹಾಲ್ ನೇರವಾಗಿ ಕರುಳಿಗೆ ಇಳಿದು ತಟ್ಟನೆ ಏರುತ್ತದೆ. ಆಪರೇಷನ್ ಆಗಿ ಎರಡನೇ ವರ್ಷದಲ್ಲಿ ಕುಡಿತದ ಸಮಸ್ಯೆ ಜಾಸ್ತಿಯಾಗುವುದು 2012ರ ಅಧ್ಯಯನದಲ್ಲಿ ಕಂಡಿದೆ.

## ಹದಗೆಡುತ್ತಿದೆ ಅಂತ ಗುರುತಿಸುವುದು

ಹದಗೆಡ್ತಿದೆ ಅನ್ನೋದು ಮೊದಲು ಎಲ್ಲಿ ಗೊತ್ತಾಗುತ್ತೆ?

ಬಾಟಲಿಯಲ್ಲಿ ಹುಡುಕಬೇಡಿ, ದಿನದ ವೇಳಾಪಟ್ಟಿಯಲ್ಲಿ ಹುಡುಕಿ. ಕುಡಿತ ಮೊದಲು ಜಾಗ ತಿನ್ನುತ್ತದೆ. ಭಾನುವಾರ ಶಟಲ್ ಆಡುತ್ತಿದ್ದವರು ಮಂಡಿ ನೋವು ಅಂತ ನಿಲ್ಲಿಸುತ್ತಾರೆ. ಕುಡಿಯಲು ಅವಕಾಶವಿಲ್ಲದ ಮದುವೆಗೆ ‘ನೀವು ಹೋಗಿ ಬನ್ನಿ’ ಅನ್ನುತ್ತಾರೆ. ಹಳೆಯ ಸ್ನೇಹಿತರ ಬದಲು ಜಾಸ್ತಿ ಕುಡಿಯುವ ಹೊಸಬರು ಬರುತ್ತಾರೆ. ಆಮೇಲೆ ಅವರೂ ಬೇಡವಾಗಿ ಒಬ್ಬರೇ ಕುಡಿಯುತ್ತಾರೆ. ಶುರು ಮಾಡುವ ಹೊತ್ತು ಎಂಟರಿಂದ ಏಳಕ್ಕೆ, ಏಳರಿಂದ ಐದಕ್ಕೆ ಸರಿಯುತ್ತದೆ.

ಮೇಲೆ ಹೇಳಿದ 11 ಗುರುತುಗಳೂ ಒಂದೇ ತೂಕದವಲ್ಲ. ‘ಅಂದುಕೊಂಡಿದ್ದಕ್ಕಿಂತ ಜಾಸ್ತಿ ಕುಡಿದೆ’ ಅನ್ನುವುದು ತುಂಬಾ ಜನರಲ್ಲಿ ಕಾಣುತ್ತದೆ. ಬೇರೆ ಆಸಕ್ತಿಗಳು ಬಿಟ್ಟುಹೋಗುವುದು, ಬಿಟ್ಟಾಗ ನಡುಕ ಬರುವುದು ಸಾಮಾನ್ಯವಾಗಿ ಸಾಲಿನ ಆ ಕೊನೆಯವು. ಒಟ್ಟು ಎರಡೇ ಗುರುತಿದ್ದರೂ ಅದರಲ್ಲೊಂದು ನಡುಕ ಆಗಿದ್ದರೆ ನಾನು ಅದನ್ನು ಸೌಮ್ಯ ಅಂತ ಸುಮ್ನೆ ಬಿಡುವುದಿಲ್ಲ.

ಒಬ್ಬರ ಹೆಂಡತಿ ಒಂದು ದಿನ ಎರಡು ಕಾಗದ ತಂದು ಮೇಜಿನ ಮೇಲೆ ಇಟ್ಟರು. ಎರಡರಲ್ಲೂ ಗಂಡನ ಸಹಿ. ಬೆಳಿಗ್ಗೆ ಎಂಟಕ್ಕೆ ಹಾಕಿದ್ದು ಇರುವೆ ಹರಿದ ಹಾಗೆ ಅಂಕುಡೊಂಕು, ಕೊನೆಯ ಅಕ್ಷರ ಗೆರೆ ಬಿಟ್ಟು ಕೆಳಗೆ ಜಾರಿತ್ತು. ಅದೇ ದಿನ ಒಂಬತ್ತೂವರೆಗೆ ಹಾಕಿದ್ದು ಅಚ್ಚು ಹಾಕಿದ ಹಾಗಿತ್ತು. ‘ನಡುವೆ ಸ್ನಾನಕ್ಕೆ ಹೋಗಿ ಬಂದ್ರು, ಅಷ್ಟೇ’ ಅಂದರು. ಸ್ನಾನದ ಮನೆಯ ನೀರಿನ ಟ್ಯಾಂಕಿನ ಹಿಂದೆ ಏನಿತ್ತು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು. ಬೆಳಗಿನ ನಡುಕ ಒಂದು ಗುಟುಕಿಗೆ ನಿಂತರೆ ಅದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ.

ಒಂದು ತಿಂಗಳು ಪೂರ್ತಿ ಬಿಟ್ಟಿದ್ರು. ಬಿಡೋಕಾಗುತ್ತೆ ಅಂದ್ರೆ ಚಟ ಅಲ್ಲ ಅಲ್ವಾ?

ಬಿಟ್ಟಿದ್ದು ಒಳ್ಳೆಯದೇ. ಆದರೆ ತುಂಬಾ ಜನ ಬಿಡುತ್ತಾರೆ, ಹತ್ತಾರು ಸಲ ಬಿಡುತ್ತಾರೆ. ನಾನು ನೋಡುವುದು ಎರಡು. ಆ ತಿಂಗಳನ್ನು ಹೇಗೆ ಕಳೆದರು? ಹಲ್ಲು ಕಚ್ಚಿ ಕ್ಯಾಲೆಂಡರ್ ನೋಡುತ್ತಾ ಕಳೆದರಾ, ಅಥವಾ ಬೇರೆ ಏನಾದರೂ ತುಂಬಿಕೊಂಡಿತಾ? ಮತ್ತೆ ಶುರುವಾದಾಗ ಹಳೆಯ ಪ್ರಮಾಣಕ್ಕೆ ಎಷ್ಟು ದಿನದಲ್ಲಿ ಮುಟ್ಟಿದರು? ಮೂರೇ ದಿನಕ್ಕೆ ಮುಟ್ಟಿದ್ದರೆ, ಮೈಗೆ ಹಳೆಯ ದಾರಿ ಚೆನ್ನಾಗಿ ನೆನಪಿದೆ ಅಂತ ಅರ್ಥ. ಕುಡಿತದ ಬಗ್ಗೆ ಸಂಶೋಧನೆ ಮಾಡಿದ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಮಿಲ್ಟನ್ ಗ್ರಾಸ್ 1976ರಲ್ಲೇ ಇದನ್ನು ಅವಲಂಬನೆಯ ಲಕ್ಷಣಗಳಲ್ಲಿ ಸೇರಿಸಿದ್ದರು.

ಮನೆಯಲ್ಲೇ ಕೂತು ಚೆಕ್ ಮಾಡಿಕೊಳ್ಳೋಕೆ ಏನಾದ್ರೂ ಇದೆಯಾ?

ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನುವ 10 ಪ್ರಶ್ನೆಗಳ ಪಟ್ಟಿ. ಒಟ್ಟು 40 ಅಂಕ. 8 ಅಥವಾ ಜಾಸ್ತಿ ಬಂದರೆ ಎಚ್ಚರ, 20 ಅಥವಾ ಜಾಸ್ತಿ ಬಂದರೆ ತಜ್ಞರನ್ನು ಕಾಣಲೇಬೇಕು. ಅದರ ಮೊದಲ ಮೂರೇ ಪ್ರಶ್ನೆಗಳ ಚಿಕ್ಕ ರೂಪ ಆಡಿಟ್-ಸಿ: ಎಷ್ಟು ಸಲ ಕುಡಿಯುತ್ತೀರಿ, ಕುಡಿದ ದಿನ ಎಷ್ಟು, ಒಂದೇ ಸಲಕ್ಕೆ ಆರು ಅಥವಾ ಜಾಸ್ತಿ ಡ್ರಿಂಕ್ (ಒಂದು ಡ್ರಿಂಕ್ ಅಂದರೆ ಸುಮಾರು 10 ಗ್ರಾಂ ಆಲ್ಕೊಹಾಲ್) ಆಗುವುದು ಎಷ್ಟು ಸಲ. 12 ಅಂಕಗಳಲ್ಲಿ ಗಂಡಸರಿಗೆ 4, ಹೆಂಗಸರಿಗೆ 3 ಬಂದರೂ ಮುಂದೆ ವಿಚಾರಿಸಬೇಕು.

ಒಂದು ಸಲದ ಅಂಕ ಫೋಟೊ ಇದ್ದ ಹಾಗೆ. ಆರು ತಿಂಗಳಿಗೊಮ್ಮೆ ಹಾಕಿ, ತಾರೀಕು ಬರೆದಿಡಿ. 7, 9, 12 ಅಂತ ಏರಿದರೆ ಆ ಏರಿಕೆಯೇ ಉತ್ತರ. ಸುಳ್ಳು ಉತ್ತರ ಬರೆದರೆ ಏನು ಮಾಡುವುದು ಅಂತ ಕೇಳುತ್ತಾರೆ. ಬರೆಯಲಿ ಬಿಡಿ, ಬರೆಯುವಾಗ ನಿಜ ಏನು ಅಂತ ಅವರಿಗೆ ಗೊತ್ತಿರುತ್ತದೆ.

ರಕ್ತ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗಲ್ವಾ?

ಅರ್ಧಂಬರ್ಧ. ಲಿವರಿನ ಕಿಣ್ವ ಜಿಜಿಟಿ ಏರುತ್ತದೆ, ಆದರೆ ಬೊಜ್ಜು, ಕೆಲವು ಮಾತ್ರೆಗಳಿಂದಲೂ ಏರುತ್ತದೆ. ಕೆಂಪು ರಕ್ತಕಣದ ಗಾತ್ರ ಹೇಳುವ ಎಂಸಿವಿ ನಿಧಾನ, ಬಿಟ್ಟ ಮೇಲೂ ತಿಂಗಳುಗಟ್ಟಲೆ ಇಳಿಯುವುದಿಲ್ಲ. ಪೆತ್ ಅನ್ನುವ ಪರೀಕ್ಷೆ ಹಿಂದಿನ ಎರಡರಿಂದ ನಾಲ್ಕು ವಾರದ ಕುಡಿತವನ್ನು ಚೆನ್ನಾಗಿ ತೋರಿಸುತ್ತದೆ, ಎಲ್ಲ ಕಡೆ ಸಿಗುವುದಿಲ್ಲ. ರಿಪೋರ್ಟ್ ನಾರ್ಮಲ್ ಬಂತು ಅಂತ ಪಾರ್ಟಿ ಮಾಡಿದವರನ್ನೂ ನೋಡಿದ್ದೇನೆ.

## ಗಂಭೀರವಾದಾಗ

ಇವತ್ತಿಂದ ಒಂದು ಹನಿಯೂ ಇಲ್ಲ ಅಂತ ಕೂಡಿ ಹಾಕಿಬಿಡಲಾ?

ದಯವಿಟ್ಟು ಬೇಡ. ದಿನಾ ಜಾಸ್ತಿ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಬ್ರೇಕ್ ಸಡಿಲಿಸಿ ಆಕ್ಸಿಲರೇಟರ್ ಒತ್ತಿಕೊಂಡಿರುವ ಮೆದುಳು ಅಂದೆನಲ್ಲ, ಆಲ್ಕೊಹಾಲ್ ಇಲ್ಲದಾಗ ಅದು ಓಡತೊಡಗುತ್ತದೆ. ಆರೆಂಟು ಗಂಟೆಗೆ ನಡುಕ, ಬೆವರು, ವಾಂತಿ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಬುದ್ಧಿಭ್ರಮೆ: ಇಲ್ಲದ ಹುಳುಗಳು ಮೈಮೇಲೆ ಹರಿದ ಹಾಗೆ, ಗೋಡೆಯಲ್ಲಿ ಯಾರೋ ನಿಂತ ಹಾಗೆ, ಜೊತೆಗೆ ಜ್ವರ. ಇದು ತುರ್ತುಸ್ಥಿತಿ, ತಕ್ಷಣ ಆಸ್ಪತ್ರೆ.

ಹಿಂದೆ ಒಮ್ಮೆ ಫಿಟ್ಸ್ ಅಥವಾ ಭ್ರಮೆ ಆಗಿದ್ದರೆ ಮುಂದಿನ ಸಲವೂ ಆಗುವ ಸಂಭವ ಜಾಸ್ತಿ. ಬಿಡುವುದು, ಹಿಡಿಯುವುದು ಎಷ್ಟು ಸಲವಾಗುತ್ತದೋ ಅಷ್ಟೂ ಮೆದುಳು ಸೂಕ್ಷ್ಮವಾಗುತ್ತಾ ಹೋಗುತ್ತದೆ. ಡಾಕ್ಟರಿಗೆ ಹಳೆಯ ಕಥೆಯನ್ನೆಲ್ಲ ಹೇಳಿ.

ಗೊಂದಲ, ಕಣ್ಣು ಸರಿಯಾಗಿ ಆಡದಿರುವುದು, ನಡಿಗೆ ತಪ್ಪುವುದು ಕಂಡರೆ ಬಿ1 ಜೀವಸತ್ವದ ಕೊರತೆ ಇರಬಹುದು. ಇಂಜೆಕ್ಷನ್ ಬೇಗ ಸಿಕ್ಕರೆ ಸರಿಹೋಗುತ್ತದೆ. ತಡವಾದರೆ ನೆನಪು ಶಾಶ್ವತವಾಗಿ ಹೋಗಬಹುದು. ‘ಕುಡಿದಿದ್ದಾನೆ, ಮಲಗಿ ಎದ್ರೆ ಸರಿಹೋಗ್ತಾನೆ’ ಅಂತ ಬಿಟ್ಟ ಕೇಸುಗಳು ನನ್ನನ್ನು ಈಗಲೂ ಕಾಡುತ್ತವೆ.

ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಮಾತ್ರೆ ಬೆರೆಸಬಹುದಾ?

ಬೇಡವೇ ಬೇಡ. ಹಾಗೆ ಬೆರೆಸುವುದು ಸಾಮಾನ್ಯವಾಗಿ ಡೈಸಲ್ಫಿರಾಮ್. ಅದು ಅಸಿಟಾಲ್ಡಿಹೈಡನ್ನು ಮೈಯಲ್ಲೇ ನಿಲ್ಲಿಸುತ್ತದೆ. ಮೇಲೆ ಕುಡಿದರೆ ಮುಖ ಕೆಂಪು, ವಾಂತಿ, ಎದೆಬಡಿತ, ಬಿಪಿ ಕುಸಿತ. ಹೃದಯ ದುರ್ಬಲವಾಗಿದ್ದರೆ ಸಾವೂ ಆಗಬಹುದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಗೊತ್ತಿದ್ದು, ಒಪ್ಪಿ, ಡಾಕ್ಟರ ಕಣ್ಗಾವಲಿನಲ್ಲಿ ತೆಗೆದುಕೊಳ್ಳುವವರಿಗೆ ಅದು ಉಪಯೋಗದ ಮಾತ್ರೆ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಕೂಡ ಇವೆ, ಅವನ್ನು ಕೇಳುವವರೇ ಕಡಿಮೆ.

ಮಾತು ತೆಗೆದ್ರೆ ಜಗಳ. ಹೇಗೆ ಹೇಳೋದು?

ಕುಡಿದಾಗ ಬೇಡ. ಬೆಳಿಗ್ಗೆ, ಒಬ್ಬರೇ, ಕಂಡಿದ್ದನ್ನಷ್ಟೇ ಹೇಳಿ. ‘ನೀನು ಕುಡುಕ’ ಅಂದರೆ ವಾದ ಶುರು. ‘ಮಂಗಳವಾರ ಮಗಳನ್ನ ಕರೆದುಕೊಂಡು ಬರೋದು ಮರೆತೆ, ಅವಳು ಒಂದು ಗಂಟೆ ಗೇಟ್ ಹತ್ತಿರ ನಿಂತಿದ್ಲು’ ಅಂದರೆ ವಾದಕ್ಕೆ ಏನೂ ಇಲ್ಲ.

ಮನೆಯವರಿಗೇ ತರಬೇತಿ ಕೊಡುವ ಕ್ರಾಫ್ಟ್ ಅನ್ನುವ ವಿಧಾನವಿದೆ. ಕುಡಿಯದ ಹೊತ್ತಿನಲ್ಲಿ ಪ್ರೀತಿಯಿಂದ ಇರುವುದು, ಕುಡಿದಾಗ ಗಲಾಟೆ ಮಾಡದೆ ದೂರ ಸರಿಯುವುದು, ಅವರ ಪರವಾಗಿ ಆಫೀಸಿಗೆ ಸುಳ್ಳು ಹೇಳದಿರುವುದು, ಸರಿಯಾದ ಗಳಿಗೆ ನೋಡಿ ಚಿಕಿತ್ಸೆಯ ಮಾತೆತ್ತುವುದು. 1999ರ ಒಂದು ಹೋಲಿಕೆ ಅಧ್ಯಯನದಲ್ಲಿ ಈ ದಾರಿ ಹಿಡಿದ ಮನೆಗಳಲ್ಲಿ ಶೇಕಡ 64 ಮಂದಿ ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಸುತ್ತುವರಿದು ಬುದ್ಧಿ ಹೇಳುವ ದಾರಿಯಲ್ಲಿ ಶೇಕಡ 30. ಹೊಡೆತ ಬೀಳುವ ಮನೆಯಲ್ಲಿ ಮಾತ್ರ ಇದನ್ನೆಲ್ಲ ಒಬ್ಬರೇ ಮಾಡಲು ಹೋಗಬೇಡಿ. ಮೊದಲು ನಿಮ್ಮ ಸುರಕ್ಷತೆ. ‘ಇರೋದೇ ಬೇಡ’ ಅನ್ನುವ ಮಾತು ಬಂದರೆ ಅದನ್ನು ಕುಡಿದವರ ಮಾತು ಅಂತ ತಳ್ಳಿಹಾಕದೆ ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ಒಮ್ಮೆ ಈ ದಾರಿ ಹಿಡಿದೋರು ಹದಗೆಡೋದೇ ಅಲ್ವಾ?

ಅಲ್ಲ. ಅಮೆರಿಕದಲ್ಲಿ 2001–02ರ ಸಮೀಕ್ಷೆಯಲ್ಲಿ, ಹಿಂದೊಮ್ಮೆ ಕುಡಿತಕ್ಕೆ ಪೂರ್ತಿ ಅಂಟಿಕೊಂಡಿದ್ದವರಲ್ಲಿ ಆ ವರ್ಷವೂ ಹಾಗೇ ಉಳಿದಿದ್ದವರು ನಾಲ್ವರಲ್ಲಿ ಒಬ್ಬರು ಮಾತ್ರ. ಚಿಕಿತ್ಸೆ ಪಡೆದವರೂ ನಾಲ್ವರಲ್ಲಿ ಒಬ್ಬರಷ್ಟೇ. ಆದರೆ ಬೆಳಗಿನ ನಡುಕ, ಫಿಟ್ಸ್, ಜೊತೆಗೆ ಖಿನ್ನತೆ ಇರುವವರು ತಾನಾಗೇ ಸರಿಹೋಗಲಿ ಅಂತ ಕಾಯಬಾರದು.

ಬಿಟ್ಟು ಎಂಟು ತಿಂಗಳಾಯ್ತು. ಮತ್ತೆ ಶುರುವಾಗುತ್ತೆ ಅಂತ ಮೊದಲೇ ಗೊತ್ತಾಗುತ್ತಾ?

ಎಷ್ಟೋ ಸಲ ಗೊತ್ತಾಗುತ್ತದೆ. ಗ್ಲಾಸ್ ಕೈಗೆ ಬರುವ ವಾರಗಳ ಮುಂಚೆಯೇ ನಿದ್ದೆ ಕೆಡುತ್ತದೆ, ಕುಡಿತ ಬಿಟ್ಟವರು ಸೇರುವ ಮೀಟಿಂಗಿಗೆ, ಡಾಕ್ಟರ ಹತ್ತಿರ ಹೋಗುವುದು ತಪ್ಪುತ್ತದೆ. ‘ಈಗ ನಾನು ಸರಿಯಾಗಿದ್ದೀನಿ, ಒಂದು ಬಿಯರ್ ಏನು ಮಾಡುತ್ತೆ’ ಅನ್ನುವ ಮಾತು ತಮಾಷೆಯ ಹಾಗೆ ಬರುತ್ತದೆ. ಹಳೆಯ ಸ್ನೇಹಿತನ ಫೋನ್ ಬರುತ್ತದೆ.

ಜಾರಿದರೆ ಒಂದು ವಿಷಯ ನೆನಪಿರಲಿ. ಇಷ್ಟು ತಿಂಗಳಲ್ಲಿ ಟಾಲರೆನ್ಸ್ ಇಳಿದಿರುತ್ತದೆ, ಹಳೆಯ ಪ್ರಮಾಣ ಈಗ ಮೈ ತಡೆಯುವುದಿಲ್ಲ. ಒಂದು ರಾತ್ರಿಯ ಜಾರುವಿಕೆ ನಾಚಿಕೆಯಿಂದಾಗಿ ಒಂದು ತಿಂಗಳಾಗುವುದೇ ಜಾಸ್ತಿ, ಹಾಗಾಗಿ ಮರುದಿನ ಬೆಳಿಗ್ಗೆಯೇ ಯಾರಿಗಾದರೂ ಹೇಳಬೇಕು. ನಾನು ಹೋಗಿದ್ದ ಒಂದು ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಮೇಲೆ ಅಣ್ಣನ ಫೋನ್ ನಂಬರ್. ಕೆಳಗೆ ಅತ್ತಿಗೆಯ ಕೈಬರಹದಲ್ಲಿ: ‘ಎಷ್ಟೊತ್ತಿಗಾದ್ರೂ ಮಾಡು. ಬೈಯಲ್ಲ.’